ಫಲಾವಳಿಯ ತನಕ ಮುದತು

ವಕೀಲನಾದ ಮೊದಲ ಎರಡು ವರ್ಷ ಕಾರವಾರದ ಕೋರ್ಟಿನಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಮುದತು ಕೇಳುವುದು. ಕೋರ್ಟು ಒಂದು ದಿನ ಗೊತ್ತುಮಾಡಿ, ಇಷ್ಟರೊಳಗೆ ಇಂಥ ಕಾಗದ ತಂದು ತೋರಿಸಿ ಎನ್ನುತ್ತಿತ್ತು. ನಾನು ಎದ್ದು ನಿಂತು, ಕರಿಕೋಟಿನ ತೋಳು ಎಳೆದುಕೊಂಡು, ಅದು ಅಷ್ಟರೊಳಗೆ ಯಾಕೆ ಸಾಧ್ಯವಿಲ್ಲ ಎಂದು ವಿವರಿಸುತ್ತಿದ್ದೆ. ನನ್ನ ಹಿರಿಯ ವಕೀಲರು ದೊಡ್ಡ ವಾದಗಳನ್ನೆಲ್ಲ ತಮಗೆ ಇಟ್ಟುಕೊಂಡು ಈ ಕೆಲಸವನ್ನು ನನಗೆ ಬಿಟ್ಟಿದ್ದರು. ಅದರಲ್ಲಿ ನನಗೆ ಅವಮಾನವೇನೂ ಕಾಣಲಿಲ್ಲ. ಬದಲಿಗೆ ಆರೇ ತಿಂಗಳಲ್ಲಿ ಸೊಕ್ಕು ಬಂತು. ಮಳೆ, ಮದುವೆ, ಸೂತಕ, ಬಸ್ಸು, ಬಾಣಂತನ, ಇವುಗಳಲ್ಲಿ ಯಾವುದನ್ನು ಯಾವ ದಿನ ಹೇಳಿದರೆ ನ್ಯಾಯಾಧೀಶರು ತಲೆಯಾಡಿಸುತ್ತಾರೆ ಎಂಬುದು ನನಗೆ ಅಂಗೈಮೇಲಿನ ಗೆರೆಯಷ್ಟು ಗೊತ್ತಿತ್ತು. ಊರಿನಲ್ಲಿ ನನ್ನಷ್ಟು ಮುದತು ಪಡೆದವನು ಇನ್ನೊಬ್ಬನಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಆ ಸೊಕ್ಕನ್ನು ಇಳಿಸಿದ್ದು ಅಂಕೋಲೆ ಕಡೆಯ ಅಕ್ಕ ತಮ್ಮ ಇಬ್ಬರ ಒಂದು ದಾವೆ.

ಕರ ಕೊಡಬೇಡಿ ಎಂಬ ಚಳವಳಿ ತಣ್ಣಗಾಗಿ ಮೂರ್ನಾಲ್ಕು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಅಂಕೋಲೆಯ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಐವತ್ತೈದರ ಆಸುಪಾಸಿನ ವಿಧವೆ, ಸಣ್ಣ ಆಳು, ದೊಡ್ಡ ದನಿ. ಮುಖ ಮಾತ್ರ ಬಾಡಿತ್ತು. ಬಸ್ಸು ಹತ್ತಿದರೆ ವಾಂತಿ ಬರುವ ಜಾತಿಯವಳು ಎಂದು ಆಮೇಲೆ ತಿಳಿಯಿತು. ಕೋರ್ಟಿನ ಕಾಗದವನ್ನು ಬಾಳೆಯೆಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಹಿರಿಯರು ಅದನ್ನು ಓದಿ, ಇದು ಕಾಗದ ತೋರಿಸುವ ಭಾನಗಡಿ, ಈ ಹುಡುಗ ನೋಡಿಕೊಳ್ಳುತ್ತಾನೆ ಎಂದು ನನ್ನ ಕಡೆ ಕೈ ಮಾಡಿದರು. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

‘ಇವ್ನಾ? ಮೀಸೆನೇ ಇನ್ನೂ ಸಮಾ ಬರ್ಲಿಲ್ಲ.’

ಆ ಮಾತಿಗೆ ನಾನು ಅವಳನ್ನು ಕ್ಷಮಿಸಲು ಎರಡು ತಿಂಗಳು ತೆಗೆದುಕೊಂಡೆ.

ಅವಳ ಮೇಲೆ ದಾವೆ ಹೂಡಿದವನು ಒಡಹುಟ್ಟಿದ ತಮ್ಮ. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅವಳು ತವರಿಗೆ ಬಂದಾಗ, ಅಪ್ಪ ದೊಡ್ಡಮನೆಯ ಹಿತ್ತಲ ಮೂಲೆಯಲ್ಲಿ ಅವಳಿಗೊಂದು ಚಿಕ್ಕ ಮನೆ ಕಟ್ಟಿಸಿಕೊಟ್ಟಿದ್ದ. ಬದುಕಿರುವ ತನಕ ಅವಳನ್ನು ಅಲ್ಲಿಂದ ಯಾರೂ ಎಬ್ಬಿಸಕೂಡದು ಎಂದು ಒಂದು ಕಾಗದ ಬರೆಸಿ, ಅದಕ್ಕೆ ಆಗಿನ್ನೂ ಹರೆಯದವನಾಗಿದ್ದ ಮಗನ ಸಹಿ ಹಾಕಿಸಿದ್ದ. ಮೂವತ್ತು ವರ್ಷ ಯಾರಿಗೂ ಆ ಕಾಗದದ ನೆನಪು ಬರಲಿಲ್ಲ. ಅಕ್ಕ ಮಲಗುವುದು ಚಿಕ್ಕಮನೆಯಲ್ಲಿ, ಉಣ್ಣುವುದು ದೊಡ್ಡಮನೆಯಲ್ಲಿ. ಚಳವಳಿಯಲ್ಲಿ ತಮ್ಮ ಕರ ಕಟ್ಟದೆ ಜೈಲಿಗೆ ಹೋದ. ಹೊರಗೆ ಬರುವಷ್ಟರಲ್ಲಿ ಅವನ ಗದ್ದೆ ಸರಕಾರದ ಪಾಲಾಗಿತ್ತು. ಉಳಿದದ್ದು ಹಿತ್ತಲು ಒಂದೇ. ಗದ್ದೆ ಕಳೆದುಕೊಂಡವನಿಗೆ ಹಿತ್ತಲಿನ ಒಂದೊಂದು ಗೇಣೂ ಜೀವ. ಅಕ್ಕ ಬಾವಿಗೆ ಹೋಗುವ ದಾರಿಯಲ್ಲೇ ಅವನು ಬಾಳೆ ನೆಟ್ಟ. ಅವಳು ಅಡ್ಡ ಬಂದ ಒಂದು ಗೊನೆಯನ್ನು ಕಡಿದಳು. ಅವನು ಬಾಯಿಗೆ ಬಂದದ್ದು ಅಂದ. ಅವಳೂ ಕಡಿಮೆಯಿಲ್ಲ, ಅಂದಳು. ಕೊನೆಗೆ, ಚೌತಿಗೊಂದು ಬಿಟ್ಟು ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬೇರೆ ಒಲೆ ಹೂಡಿದಳು. ಅವನು ಕಾರವಾರಕ್ಕೆ ಬಂದು, ಮನೆ ಬಿಡಿಸಿಕೊಡಿ ಎಂದು ದಾವೆ ಹೂಡಿದ.

ಅವಳ ಪರವಾಗಿ ಹಿರಿಯರು ಮೊದಲೇ ಬರೆದುಕೊಟ್ಟಿದ್ದ ಉತ್ತರದಲ್ಲಿ ಆ ಹಳೆಯ ಕಾಗದದ ಮಾತು ಬಂದಿತ್ತು. ಕಾಗದ ಇದೆ ಎಂದ ಮೇಲೆ ತೋರಿಸಿ ಎಂದು ಎದುರು ವಕೀಲರು ಪಟ್ಟು ಹಿಡಿದರು. ಅದು ಅವರ ಹಕ್ಕು. ಕೋರ್ಟು ನಾಲ್ಕು ವಾರದ ಗಡುವು ಹಾಕಿತು. ಅಷ್ಟರೊಳಗೆ ತೋರಿಸದಿದ್ದರೆ ಮುಂದೆ ಆ ಕಾಗದವನ್ನು ಪುರಾವೆಯಾಗಿ ಮುಟ್ಟುವಂತಿಲ್ಲ. ಪುರಾವೆ ಇಲ್ಲವೆಂದರೆ ಮನೆಯಿಲ್ಲ. ಇಷ್ಟನ್ನು ನಾನು ಅವಳಿಗೆ ಬಿಡಿಸಿ ಹೇಳಿ, ಕಾಗದ ಎಲ್ಲಿದೆ ಎಂದು ಕೇಳಿದೆ. ಅವಳು ಬಾಗಿಲ ಕಡೆ ನೋಡಿ, ದನಿ ಇಳಿಸಿದಳು.

‘ಅವ್ನ ಮನೇಲೇ ಅದೆ.’

ಯಾರ ಮನೆಯಲ್ಲಿ ಎಂದು ನಾನು ಮತ್ತೊಮ್ಮೆ ಕೇಳಬೇಕಾಯಿತು.

‘ದಾವೆ ಹಾಕಿದವ್ನ ಮನೇಲಿ. ಗಣಪತಿ ತಲೆ ಮೇಲೆ.’

ನಮ್ಮ ಕರಾವಳಿಯಲ್ಲಿ ಚೌತಿಗೆ ಗಣಪತಿಯ ಮೇಲ್ಗಡೆ ಮಾಡಿಗೆ ಒಂದು ಚೌಕಟ್ಟು ತೂಗುಬಿಟ್ಟು, ಅದರ ತುಂಬ ಸವತೆಕಾಯಿ, ಹೀರೇಕಾಯಿ, ಅಡಕೆ ಗೊನೆ, ತೆಂಗಿನಕಾಯಿ, ಗುಡ್ಡದ ಕಾಯಿ ಹೂವು ಎಲ್ಲ ಕಟ್ಟುತ್ತೇವೆ. ಅದಕ್ಕೆ ಫಲಾವಳಿ ಎನ್ನುತ್ತೇವೆ. ಆ ಮನೆಯ ಫಲಾವಳಿಯ ಚೌಕಟ್ಟು ಬಿದಿರಿನದು, ಅವರ ಅಜ್ಜನ ಕಾಲದ್ದು. ತಮ್ಮ ಜೈಲಿನಲ್ಲಿದ್ದಾಗ ಜಪ್ತಿಗೆ ಬಂದ ಪೊಲೀಸರು ತಾಮ್ರದ ಹಂಡೆಯಿಂದ ಹಿಡಿದು ಒನಕೆಯ ತನಕ ಹೊರಿಸಿಕೊಂಡು ಹೋದರು. ಅವರು ಬರುವ ಸುದ್ದಿ ಸಿಕ್ಕಿದಾಗ ಅವಳು ಪೆಟ್ಟಿಗೆಯಲ್ಲಿದ್ದ ಕಾಗದವನ್ನು ಸುರುಳಿ ಸುತ್ತಿ, ಅಟ್ಟದ ಮೇಲಿದ್ದ ಚೌಕಟ್ಟಿನ ಒಂದು ಬಿದಿರಿನ ಪೊಳ್ಳಿಗೆ ತೂರಿ, ತುದಿಗೆ ತೆಂಗಿನ ನಾರು ತುರುಕಿದಳು. ನಾಲ್ಕು ಬಿದಿರುಕೋಲನ್ನು ಜಪ್ತಿ ಮಾಡುವಷ್ಟು ಬಡತನ ಸರಕಾರಕ್ಕೆ ಬಂದಿರಲಿಲ್ಲ. ಪೆಟ್ಟಿಗೆ ಹೋಯಿತು, ಕಾಗದ ಉಳಿಯಿತು. ಆಮೇಲೆ ಅದು ಅಲ್ಲೇ ಇದ್ದು ಅಭ್ಯಾಸವಾಗಿ, ತೆಗೆಯಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಈಗ ತೆಗೆಯೋಣವೆಂದರೆ ಆ ಮನೆಗೆ ಹೋಗುವಂತಿಲ್ಲ. ಹೊಸ್ತಿಲು ತುಳಿಯುವುದಿಲ್ಲ ಎಂದವಳು ಅವಳೇ. ಹೇಳಿ ತರಿಸಿಕೊಳ್ಳೋಣವೆಂದರೆ, ಸಿಟ್ಟಿನಲ್ಲಿರುವ ತಮ್ಮ ಅದನ್ನು ಒಲೆಗೆ ಹಾಕಿದರೆ? ಆದರೆ ಚೌತಿಗೆ ಮಾತ್ರ ದಾರಿಯಿತ್ತು. ಆ ಕುಟುಂಬಕ್ಕೆಲ್ಲ ಒಂದೇ ಗಣಪತಿ, ದೊಡ್ಡಮನೆಯದು. ಮಾತು ಬಿಟ್ಟವರೂ ಅವತ್ತು ಬರಬೇಕು. ಅದಕ್ಕಿಂತ ಹೆಚ್ಚಿನದು, ಫಲಾವಳಿ ಕಟ್ಟುವುದು ಆ ಮನೆಯಲ್ಲಿ ಹುಟ್ಟಿದ ಹೆಣ್ಣಿನ ಕೆಲಸ, ಸೊಸೆಯಂದಿರು ಮುಟ್ಟುವಂತಿಲ್ಲ. ಹುಟ್ಟಿದ ಹೆಣ್ಣೆಂದು ಈಗ ಉಳಿದವಳು ಇವಳೊಬ್ಬಳೇ. ಆದ್ದರಿಂದ ಅವಳಿಗೆ ಬೇಕಾದದ್ದು ಚೌತಿಯ ತನಕ ಮುದತು. ಅವಳು ಇದನ್ನು ಹೇಳಿದ ದಿನ ಶಿವರಾತ್ರಿ ಕಳೆದು ಒಂದು ವಾರ.

ಆರು ತಿಂಗಳು! ನನಗೆ ಹೆದರಿಕೆಯಾಗಬೇಕಿತ್ತು, ಬಾಯಲ್ಲಿ ನೀರೂರಿತು. ಒಂದೇ ಕಾಗದಕ್ಕೆ ಆರು ತಿಂಗಳು ಮುದತು ಎಳೆದರೆ ಕಾರವಾರದ ವಕೀಲರ ಮಂಡಳಿಯೇ ನನ್ನ ಕಡೆ ತಿರುಗಿ ನೋಡುತ್ತದೆ ಎಂದುಕೊಂಡೆ. ಒಂದೇ ತೊಡಕು. ಪ್ರಮಾಣ ಮಾಡಿ ಸುಳ್ಳು ಹೇಳಲು ಅವಳು ಸುತರಾಂ ಒಪ್ಪಲಿಲ್ಲ. ಗಣಪತಿಯ ಹತ್ತಿರ ಕೆಲಸ ಮಾಡಿಸಿಕೊಂಡು ಗಣಪತಿಯ ಮೇಲೆ ಸುಳ್ಳಾಣೆ ಹಾಕುವುದು ಅವಳಿಗೆ ಸರಿಕಾಣಲಿಲ್ಲ. ಆದ್ದರಿಂದ ನಾನು ಕೊಡುವ ಕಾರಣಗಳೆಲ್ಲ ನಿಜವಾಗಿರಬೇಕು, ಆದರೆ ನಿಜ ಹೊರಗೆ ಬರಬಾರದು.

ಮೊದಲ ಅರ್ಜಿಯಲ್ಲಿ, ಕಾಗದ ಸುರಕ್ಷಿತವಾಗಿದೆ, ಆದರೆ ಅದಿರುವ ಸ್ಥಳಕ್ಕೆ ಪ್ರತಿವಾದಿ ಸದ್ಯ ಹೋಗಲು ಅನುಕೂಲವಿಲ್ಲ ಎಂದು ಬರೆದೆ. ನಮ್ಮ ನ್ಯಾಯಾಧೀಶರು ಘಟ್ಟದ ಮೇಲಿನವರು, ಲವಂಗ ಅಗಿಯುತ್ತ ಕಿಟಕಿಯಾಚೆಯ ಸಮುದ್ರವನ್ನು ಅನುಮಾನದಿಂದ ನೋಡುವ ಅಭ್ಯಾಸದವರು. ಅದೇ ಅನುಮಾನದಿಂದ ನನ್ನನ್ನು ನೋಡಿ, ಆ ಸ್ಥಳ ಎಷ್ಟು ದೂರ ಎಂದು ಕೇಳಿದರು. ಅವಳ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ ಎಂದು ನಾನು ಹೇಳುವುದಾದರೂ ಹೇಗೆ? ತೊಂದರೆ ದೂರದ್ದಲ್ಲ, ದಾರಿಯದ್ದು ಎಂದೆ. ಎದುರು ವಕೀಲರು ಕೆಂಡವಾದರು. ದಪ್ಪ ಮನುಷ್ಯ, ನಮ್ಮ ಹಿರಿಯರ ಓರಗೆಯವರು. ಕಾಗದವೇ ಇಲ್ಲ, ಇದ್ದರೆ ಆ ಸ್ಥಳದ ಹೆಸರು ಹೇಳಲಿ ಎಂದು ಮೇಜು ಗುದ್ದಿದರು. ಹಿಂದೆ ಕುಳಿತ ತಮ್ಮನೂ ಮೀಸೆಯ ಮೇಲೆ ಕೈಯಾಡಿಸಿ ಹೌದು ಹೌದು ಎಂದು ತಲೆದೂಗಿದ. ಹೇಗೋ ಮೂರು ವಾರ ಸಿಕ್ಕಿತು.

ಎರಡನೆಯ ಸಲ ನಮ್ಮ ಸರದಿ ಬರುವ ಮೊದಲು ಗದ್ದೆಯ ಗಡಿಯ ಇನ್ನೊಂದು ದಾವೆಯಿತ್ತು, ಅದರಲ್ಲೂ ವಕೀಲ ನಾನೇ. ಸಾಕ್ಷಿಗೆ ಬಂದಿದ್ದ ಮುದುಕನನ್ನು ಗದ್ದೆಯ ನಾಲ್ಕೂ ಗಡಿ ವಿವರಿಸಿ ಎಂದು ಕೇಳಿದೆ. ಪುಣ್ಯಾತ್ಮ ಮೂಡಣ ಗಡಿಯಿಂದ ಹೊರಟು, ಅಲ್ಲಿದ್ದ ಹಲಸಿನ ಮರ, ಆ ಮರ ನೆಟ್ಟವನು, ನೆಟ್ಟವನ ಮಾವನ ಮನೆ ಎಲ್ಲ ಸುತ್ತಿ, ತೆಂಕಣ ಗಡಿ ಮುಟ್ಟುವಷ್ಟರಲ್ಲಿ ಕೋರ್ಟಿನ ಹೊತ್ತು ಮುಗಿದಿತ್ತು. ನಾನು ಅವನನ್ನು ಒಮ್ಮೆಯೂ ತಡೆಯಲಿಲ್ಲ. ಉಳಿದದ್ದೆಲ್ಲ ಮುಂದಿನ ತಾರೀಖಿಗೆ ಹೋಯಿತು. ಅವಳು ಹೊರಗೆ ಬಂದು ನನ್ನನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದಳು. ಮೀಸೆಯ ಮಾತಿಗೆ ಕ್ಷಮೆ ಸಿಕ್ಕಿದ್ದು ಅವತ್ತು.

ಅಷ್ಟರಲ್ಲಿ ಕೋರ್ಟಿಗೆ ಬೇಸಿಗೆಯ ರಜೆ ಬಂತು. ಅದು ನನ್ನ ಕೈವಾಡವಲ್ಲದಿದ್ದರೂ ಅದನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೊಂಡೆ.

ಈ ತಾರೀಖುಗಳಿಗೆಲ್ಲ ಅಕ್ಕ ತಮ್ಮ ಇಬ್ಬರೂ ಬರುತ್ತಿದ್ದುದು ಒಂದೇ ಬಸ್ಸಿನಲ್ಲಿ. ಬೆಳಗಿನ ಹೊತ್ತಿಗೆ ಅದೊಂದೇ ಬಸ್ಸು. ಅವಳು ಮುಂದೆ, ಅವನು ಹಿಂದೆ. ಮಾತಿಲ್ಲ. ಮಧ್ಯಾಹ್ನ ಕೋರ್ಟಿನೆದುರಿನ ಖಾನಾವಳಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತು ಒಂದೇ ಬಂಗಡೆ ಸಾರು ಉಣ್ಣುತ್ತಿದ್ದರು. ಬಿಣಗಾದ ಗುಡ್ಡದ ತಿರುವಿನಲ್ಲಿ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಆಗ ಕಂಡಕ್ಟರ್ ಹಿಂದಿನಿಂದ ಒಂದು ನಿಂಬೆಹಣ್ಣು ತಂದು ಕೊಡುತ್ತಿದ್ದನಂತೆ. ಬಸ್ಸಿನವರು ಒಳ್ಳೆಯವರು, ನಿಂಬೆಹಣ್ಣು ಇಟ್ಟುಕೊಂಡಿರುತ್ತಾರೆ ಎಂದು ಅವಳು ನನ್ನ ಹತ್ತಿರ ಹೊಗಳಿದಳು. ನಾನೂ ಅದೇ ಬಸ್ಸಿನಲ್ಲಿ ಹತ್ತು ಸಲ ಓಡಾಡಿದವನು. ಕಂಡಕ್ಟರ್ ನನಗೆ ಚಿಲ್ಲರೆಯನ್ನೇ ಸರಿಯಾಗಿ ಕೊಟ್ಟವನಲ್ಲ. ಆದರೂ ನನಗೆ ಏನೂ ಹೊಳೆಯಲಿಲ್ಲ.

ರಜೆ ಮುಗಿದು ಕೋರ್ಟು ತೆರೆದಾಗ ಮಳೆ ಹಿಡಿದಿತ್ತು. ನಮ್ಮ ತಾರೀಖಿನ ದಿನ ಬಿಣಗಾದ ಹತ್ತಿರ ಗುಡ್ಡ ಜರಿದು ಬಸ್ಸು ಅಲ್ಲೇ ನಿಂತಿತು. ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ. ನಾನು ಎದ್ದು ಮಳೆಯ ಕಾರಣ ಹೇಳಿದೆ. ನ್ಯಾಯಾಧೀಶರು, ಈ ಊರಿನಲ್ಲಿ ಮಳೆಯೇ ಒಂದು ಕಾರಣವಾದರೆ ನಾಲ್ಕು ತಿಂಗಳು ಕೋರ್ಟಿಗೆ ಬೀಗ ಹಾಕಬೇಕಾಗುತ್ತದೆ ಎಂದು ಸಿಡುಕಿದರು. ಆಗ ಒಂದು ಆಶ್ಚರ್ಯ ನಡೆಯಿತು. ಎದುರು ವಕೀಲರು ಅರ್ಧ ಎದ್ದು, ನಮ್ಮದೇನೂ ಅಡ್ಡಿಯಿಲ್ಲ ಎಂದು ಗೊಣಗಿ ಕುಳಿತರು. ಮೇಜು ಗುದ್ದುವವರು ಮೇಜನ್ನು ಮುಟ್ಟಲೂ ಇಲ್ಲ. ನನ್ನ ವಾದದ ಹದವೇ ಅಂಥದ್ದು ಎಂದು ನಾನು ಎದೆ ಉಬ್ಬಿಸಿದೆ. ಬಸ್ಸಿನಲ್ಲಿ ಅಂದು ಏನಾಯಿತೆಂದು ಅವಳು ಆಮೇಲೆ ಹೇಳಿದಳು. ಮಾಡು ಸೋರುತ್ತಿತ್ತು, ಯಾರೋ ಹಿಂದಿನಿಂದ ಅವಳ ತಲೆಯ ಮೇಲೆ ಒಂದು ಕಂಬಳಿ ಎಸೆದರು, ತಿರುಗಿ ನೋಡಿದರೆ ತಮ್ಮ ಕಿಟಕಿಯ ಆಚೆ ನೋಡುತ್ತ ನೆನೆಯುತ್ತಿದ್ದ. ಕಂಬಳಿ ಅವನದ್ದೇ, ವಾಸನೆ ಗೊತ್ತಾಗುತ್ತದೆ ಎಂದಳು. ವಾಪಸು ಕೊಟ್ಟೆಯಾ ಎಂದು ಕೇಳಿದೆ. ಕೊಡಲಿಲ್ಲವಂತೆ. ದಾವೆ ಹಾಕಿದವನಿಗೆ ಯಾಕೆ ಕೊಡಬೇಕು?

ಮುಂದಿನ ಸಲವೂ ಎದುರು ವಕೀಲರು ಅಡ್ಡಿ ಮಾಡಲಿಲ್ಲ. ನಾನು ಖಾನಾವಳಿಯಲ್ಲಿ ಉಳಿದ ಕಿರಿಯ ವಕೀಲರಿಗೆ ಮುದತು ಕೇಳುವ ವಿದ್ಯೆಯ ಬಗ್ಗೆ ಉಪನ್ಯಾಸ ಕೊಡತೊಡಗಿದೆ. ದನಿ ಎಲ್ಲಿ ತಗ್ಗಿಸಬೇಕು, ಕೈ ಎಲ್ಲಿ ಕಟ್ಟಬೇಕು ಎಂದೆಲ್ಲ ತೋರಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆಗ ಮಾತ್ರ ಆ ಉಪನ್ಯಾಸಕ್ಕೆ ಅವರು ಚಹಾ ಕುಡಿಸಿದ್ದರು.

ಕೊನೆಗೆ ನ್ಯಾಯಾಧೀಶರಿಗೆ ಸಾಕಾಯಿತು. ಇದು ಕಡೆಯ ಮುದತು, ಆ ದಿನ ಕಾಗದ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಅದರ ಹೆಸರನ್ನೇ ಈ ಕೋರ್ಟಿನಲ್ಲಿ ಎತ್ತಬಾರದು ಎಂದು ತಾರೀಖು ಕೊಟ್ಟರು. ಹೊರಗೆ ಬಂದು ಪಂಚಾಂಗ ನೋಡಿದೆ. ಚೌತಿಗೆ ಮೂರು ದಿನ ಮೊದಲು. ಆರು ತಿಂಗಳು ಈಜಿ ಬಂದು ದಡದಲ್ಲಿ ಮುಳುಗುವ ಕೆಲಸ. ಅವಳು ಪಂಚಾಂಗ ಓದಲು ಬಾರದಿದ್ದರೂ ಬೆರಳು ಎಣಿಸಿ ತಿಳಿದುಕೊಂಡಿದ್ದಳು. ಕಚೇರಿಯ ಮೆಟ್ಟಿಲ ಮೇಲೆ ಕುಳಿತಳು. ಅಷ್ಟು ದೊಡ್ಡ ದನಿಯ ಹೆಂಗಸು ಸುಮ್ಮನೆ ಕುಳಿತದ್ದನ್ನು ನೋಡಿ ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಅಲ್ಲಿಯ ತನಕ ಅದು ನನಗೊಂದು ಆಟವಾಗಿತ್ತು. ಸೋತರೆ ನನಗೆ ಹೋಗುವುದು ಜಂಬ, ಅವಳಿಗೆ ಹೋಗುವುದು ಮನೆ ಎಂಬುದು ಅಂದು ಮನಸ್ಸಿಗೆ ನಾಟಿತು.

ಆ ತಾರೀಖಿನ ದಿನ ನಾನು ಎದ್ದು ನಿಂತೆ. ಕಾರಣ ಒಂದೂ ಉಳಿದಿರಲಿಲ್ಲ. ಕೈಯಲ್ಲಿದ್ದ ಅರ್ಜಿಯಲ್ಲಿ, ಹಬ್ಬ ಹತ್ತಿರ ಬಂದಿರುವುದರಿಂದ ಇನ್ನೊಂದು ವಾರ ದಯಪಾಲಿಸಬೇಕು ಎಂದಷ್ಟೇ ಬರೆದಿದ್ದೆ. ನ್ಯಾಯಾಧೀಶರು ಓದಿ, ಅರ್ಜಿಯನ್ನು ನನ್ನ ಕಡೆಗೇ ತಳ್ಳಿದರು. ಹಬ್ಬ ವರ್ಷಾ ವರ್ಷಾ ಬರುತ್ತದೆ ಎಂದರು. ಎದುರು ವಕೀಲರ ಕಡೆ ತಿರುಗಿ, ನಿಮ್ಮದೇನು ಎಂದು ಕೇಳಿದರು. ಅವರು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಲ್ಲಿ ತಮ್ಮ ಎದ್ದು ನಿಂತ.

‘ಸಾಯ್ಬ್ರೇ, ಕೊಟ್ಬಿಡಿ ಒಂದ್ ವಾರ. ಅವ್ಳು ಇಲ್ಲಿ ಬಂದು ಕೂತ್ರೆ ನಮ್ಮನೆ ಫಲಾವಳಿ ಕಟ್ಟುದ್ಯಾರು? ಹಂಗೇ ಗಣಪತಿ ಕೂರ್ಸೂಕೆ ಆಗುದಿಲ್ಲ.’

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ನ್ಯಾಯಾಧೀಶರು ಲವಂಗ ಅಗಿಯುವುದನ್ನು ನಿಲ್ಲಿಸಿ, ಮನೆಯಿಂದ ಹೊರಗೆ ಹಾಕಲು ದಾವೆ ಹೂಡಿದವನೇ ಮನೆಯೊಳಗೆ ಕರೆಯಲು ಮುದತು ಕೇಳುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ದಿನಚರಿಯಲ್ಲಿ ಏನೋ ಗೀಚಿ, ಚೌತಿಯ ನಂತರದ ವಾರಕ್ಕೆ ಹಾಕಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ತಮ್ಮ ಎಷ್ಟು ದಡ್ಡ, ತನ್ನ ಕತ್ತಿಗೆ ತಾನೇ ಹಗ್ಗ ಹೆಣೆದುಕೊಂಡ ಎಂದು ಹೊರಗೆ ಬಂದ ಮೇಲೆ ಹೊಟ್ಟೆ ತುಂಬ ನಕ್ಕಳು. ನಾನೂ ನಕ್ಕೆ.

ಚೌತಿಯ ಹಿಂದಿನ ದಿನ ಮಧ್ಯಾಹ್ನ ನಾನು ಅಂಕೋಲೆಗೆ ಹೋದೆ. ಕಾಗದ ಅವಳ ಕೈಗೆ ಬಂದ ಕೂಡಲೇ ನನ್ನ ಕೈಗೆ ಬರಬೇಕು ಎಂಬುದು ನಮ್ಮ ಏರ್ಪಾಡು. ಅವರ ಊರಿನ ದಾರಿ ಒಡೆಯುವ ಬಾಳೆಗುಳಿಯಲ್ಲಿ ಇಳಿದು, ಎದುರಾಳಿಯ ವಕೀಲನಾದ ನಾನು ಅವರ ಮನೆಯೊಳಗೆ ಹೋಗಲು ಒಂದು ನೆಪ ಬೇಕಲ್ಲ ಎಂದು, ಗಣಪತಿಗೆ ಒಪ್ಪಿಸಲು ಒಂದು ತೆಂಗಿನಕಾಯಿ ಹಿಡಿದುಕೊಂಡೆ. ಗಣಪತಿಯನ್ನು ಆಗಲೇ ತಂದು ಮುಖಕ್ಕೆ ಬಟ್ಟೆ ಮುಚ್ಚಿ ಕೂರಿಸಿದ್ದರು. ತಮ್ಮ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ. ಆದರೆ ಕಾಯಿ ಹಿಡಿದು ಬಂದವನನ್ನು ಅವತ್ತು ಹೊರಗೆ ಹಾಕುವುದುಂಟೆ? ಮಣೆ ಹಾಕಿಸಿದ. ಅವನ ಹೆಂಡತಿ ಬೆಲ್ಲ ನೀರು ತಂದಿಟ್ಟಳು.

ಅಕ್ಕ ಏಣಿಯ ಮೇಲಿದ್ದಳು. ಚೌಕಟ್ಟು ಗಣಪತಿಯ ಮೇಲೆ ತೂಗುತ್ತಿತ್ತು. ತಮ್ಮ ಕೆಳಗಿನಿಂದ ಒಂದೊಂದೇ ಕಾಯಿ ಕೊಡುತ್ತಿದ್ದ, ಅವಳು ನಾರಿನಿಂದ ಕಟ್ಟುತ್ತಿದ್ದಳು. ಮಾತಿಲ್ಲ, ಆದರೆ ಯಾವ ಕಾಯಿ ಯಾವಾಗ ಬೇಕೆಂದು ಅವನಿಗೆ ಗೊತ್ತಿತ್ತು. ನಾನು ಕಣ್ಣೆವೆ ಮುಚ್ಚದೆ ಅವಳ ಕೈ ನೋಡುತ್ತ ಕುಳಿತೆ. ಹೀರೇಕಾಯಿ ತರಲು ಅವನು ಜಗಲಿಗೆ ಹೋದ. ಅವಳ ಕೈ ಸರಕ್ಕನೆ ಮೂಲೆಯ ಬಿದಿರಿಗೆ ಹೋಯಿತು. ತುದಿಯ ಬೂಚು ಕಿತ್ತು, ಬೆರಳು ತೂರಿಸಿ ತಡಕಿ, ಬಿದಿರನ್ನು ಅಂಗೈ ಮೇಲೆ ಬಗ್ಗಿಸಿದಳು. ಮಣ್ಣು ಬಿತ್ತು. ಗೆದ್ದಲು ತಿಂದ ಮಣ್ಣು. ಅದರ ಹಿಂದೆ ಬೆರಳುದ್ದದ ಒಂದು ಕಾಗದದ ತುಂಡು.

ಅವಳು ಏಣಿಯ ಮೇಲೇ ನಿಂತಳು. ಆರು ತಿಂಗಳು ಮುದತಿನ ಮೇಲೆ ಮುದತು ತಂದು ನಾನು ಕಾದಿದ್ದು ಈ ಹಿಡಿ ಮಣ್ಣಿಗೆ. ಅವಳಿಗೆ ಇನ್ನು ಮನೆಯಿರಲಿಲ್ಲ, ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ. ಹೀರೇಕಾಯಿ ಹಿಡಿದು ಬಂದ ತಮ್ಮ ಅವಳ ಅಂಗೈ ನೋಡಿದ, ನನ್ನ ಮುಖ ನೋಡಿದ. ಬೆಚ್ಚಲಿಲ್ಲ. ಹೀರೇಕಾಯಿಯನ್ನು ನೆಲದ ಮೇಲಿಟ್ಟ.

‘ಮಳೆಗಿಂತ ಮುಂಚೆ ಹಂಚು ಸರಿ ಮಾಡೂಕೆ ಅಟ್ಟ ಖಾಲಿ ಮಾಡ್ದೆ, ಅಕ್ಕ. ಬಿದ್ರಿಗೆ ಒರ್ಲೆ ಹತ್ತಿತ್ತು. ಬಿಚ್ಚಿ ನೋಡ್ದೆ. ನನ್ ಸಹಿ ಒಂದ್ ಬಿಟ್ಟು ಎಲ್ಲಾ ತಿಂದಿತ್ತು. ಹಂಗೇ ಒಳ್ಗೆ ಹಾಕಿ ಬೂಚು ಬಡ್ದೆ.’

ಮಳೆಗಿಂತ ಮುಂಚೆ. ನನ್ನ ತಲೆಯಲ್ಲಿ ತಾರೀಖುಗಳೆಲ್ಲ ಸಾಲಾಗಿ ನಿಂತವು. ಎದುರು ವಕೀಲರು ಮೇಜು ಗುದ್ದುವುದನ್ನು ಬಿಟ್ಟದ್ದು ಮಳೆ ಹಿಡಿದ ಮೇಲೆ. ನಾನು ದನಿ ತಗ್ಗಿಸಿ, ಕೈ ಕಟ್ಟಿ, ಉಪನ್ಯಾಸ ಕೊಟ್ಟು ಪಡೆದ ಮುದತುಗಳೆಲ್ಲ ಇವನು ತನ್ನ ವಕೀಲರ ಕೈ ಹಿಡಿದು ಕೊಡಿಸಿದವು. ಕಾಗದ ಹಾಜರಾಗದಿದ್ದರೆ ಮನೆ ಅವನದ್ದೇ ಆಗುತ್ತಿತ್ತು. ಕಾಗದ ಇಲ್ಲವೆಂದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಯಾಕೆ ಹೀಗೆ ಮಾಡಿದಿರಿ ಎಂದು ನಾನು ಕೇಳಿಬಿಟ್ಟೆ. ಅವನು ಏಣಿಯ ಕಡೆ ತಿರುಗಿ, ಅಕ್ಕನಿಗೆ ಹೇಳಿದ.

‘ಸಿಟ್ನಲ್ಲಿ ಕೇಸು ಹಾಕ್ದೆ. ಹಾಕಿದ್ಮೇಲೆ ತೆಗೂಕೆ ನಾಚ್ಕೆ ಆತು. ನೀ ಬರಿಗೈಲಿ ಅಷ್ಟ್ ಜನ್ರ ಎದ್ರಿಗೆ ನಿಲ್ಲುದು ನಂಗೆ ನೋಡೂಕಾಗುದಿಲ್ಲ.’

ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಮೂಗು ಒರೆಸಿಕೊಂಡು, ಹೀರೇಕಾಯಿ ಕೊಡು, ಹೊತ್ತಾಯಿತು ಎಂದಳು. ಅವನು ಕೊಟ್ಟ. ಆಮೇಲೆ ನನ್ನ ಎದುರಿಗೆ ಕುಳಿತು, ಕಾಗದ ಪೆನ್ನು ತೆಗೆಯಿರಿ ಎಂದ. ಆ ಹಳೆಯ ಕಾಗದವನ್ನು ಅಪ್ಪ ಅವನಿಂದ ಮೂರು ಸಲ ಓದಿಸಿ ಸಹಿ ಹಾಕಿಸಿದ್ದನಂತೆ. ಅದು ಅವನಿಗೆ ಬಾಯಿಪಾಠ. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ನನ್ನ ಅಕ್ಕ ಬದುಕಿರುವ ತನಕ ಈ ಮನೆಯಿಂದ ಅವಳನ್ನು ನಾನಾಗಲಿ ನನ್ನ ಮಕ್ಕಳಾಗಲಿ ಎಬ್ಬಿಸಕೂಡದು. ಬಾವಿಯ ನೀರು ಅವಳಿಗೂ ಉಂಟು, ಬಾವಿಯ ದಾರಿಯೂ ಉಂಟು. ದಾರಿಯ ಮಾತು ಬಂದಾಗ ಏಣಿಯ ಮೇಲಿನಿಂದ ಒಂದು ಕೆಮ್ಮು ಕೇಳಿಸಿತು. ಬಾಳೆ ಕಡಿಸುತ್ತೇನೆ ಎಂದು ಅವನು ಗೊಣಗಿದ. ಸಾಕ್ಷಿಗೆ ಗಣಪತಿಯಿದ್ದ, ಮುಖ ಮುಚ್ಚಿಕೊಂಡು. ಎಲ್ಲ ಸರಾಗವಾಗಿ ಸಾಗಿ ತೆಂಗಿನ ಮರದ ಹತ್ತಿರ ನಿಂತಿತು.

‘ಮನೆ ಸುತ್ತ ಇರೂ ಆರು ತೆಂಗು,’ ಎಂದು ಅವನು ಹೇಳಿದ.

‘ಏಳು,’ ಎಂದು ಅವಳು ಮೇಲಿನಿಂದ ಹೇಳಿದಳು.

ಏಳನೆಯದು ಬಾವಿಯ ಆಚೆಗಿದೆ, ಅದು ಮನೆಯ ಸುತ್ತ ಹೇಗಾಗುತ್ತದೆ ಎಂದು ಅವನು. ಅಪ್ಪ ಅದನ್ನು ನೆಟ್ಟದ್ದೇ ತನಗಾಗಿ ಎಂದು ಅವಳು. ನೀನು ಆಗ ಅಡುಗೆಮನೆಯಲ್ಲಿದ್ದೆ, ನಿನಗೇನು ಗೊತ್ತು? ನೀನು ಆಗ ಮೂಗು ಸೋರಿಸಿಕೊಂಡಿದ್ದೆ, ನಿನಗೇನು ಗೊತ್ತು? ಏಣಿಯ ಮೇಲಿನಿಂದ ಕೆಳಗೆ, ಕೆಳಗಿನಿಂದ ಏಣಿಯ ಮೇಲಕ್ಕೆ ಮಾತು ಹಾರಾಡಿತು. ಹತ್ತು ತಿಂಗಳು ಬಾಯಿ ಕಟ್ಟಿಕೊಂಡಿದ್ದವರು ಬಡ್ಡಿ ಸಮೇತ ಜಗಳವಾಡಿದರು. ಒಳಗಿನಿಂದ ಅವನ ಹೆಂಡತಿ, ಅನ್ನ ಆರುತ್ತಿದೆ ಎಂದು ಎರಡು ಸಲ ಕೂಗಿದಳು. ನನ್ನ ಪೆನ್ನಿನ ಶಾಯಿ ಒಣಗಿತು. ಕೊನೆಗೆ ಇಬ್ಬರೂ ದಣಿದು ನನ್ನ ಕಡೆ ನೋಡಿದರು.

‘ಈ ಒಂದ್ ಮರದ್ದು ಮುದತು ಬರೀರಿ ವಕೀಲ್ರೇ,’ ಎಂದ ಅವನು.

‘ಮುಂದಿನ್ ಚೌತಿ ತನ್ಕ,’ ಎಂದಳು ಅವಳು.

ಬರೆದೆ. ಆರು ಮರ ಎಂದು ಬರೆದು, ಏಳನೆಯದರ ತೀರ್ಮಾನಕ್ಕೆ ಮುಂದಿನ ಚೌತಿಯ ತನಕ ಮುದತು, ಅಲ್ಲಿಯ ತನಕ ಆ ಮರದ ಕಾಯಿ ಫಲಾವಳಿಗೆ ಎಂದು ಸೇರಿಸಿದೆ. ಅವನು ಸಹಿ ಹಾಕಿದ. ನನ್ನ ಬಾಳಿನಲ್ಲಿ ಯಾರ ಮುಂದೆಯೂ ಕೈ ಕಟ್ಟದೆ ಸಿಕ್ಕಿದ ಮೊದಲ ಮುದತು ಅದು. ಮುಂದಿನ ತಾರೀಖಿಗೆ ಎದುರು ವಕೀಲರು ದಾವೆಯನ್ನು ವಾಪಸು ತೆಗೆದುಕೊಂಡರು. ನ್ಯಾಯಾಧೀಶರು ಕಾಗದವೆಲ್ಲಿ ಎಂದು ಕೇಳಲಿಲ್ಲ. ಫಲಾವಳಿ ಚೆನ್ನಾಗಿ ಆಯಿತೇ ಎಂದು ಮಾತ್ರ ಕೇಳಿದರು.

ಆ ಕಾಗದ ನನ್ನ ಹತ್ತಿರವೇ ಉಳಿಯಿತು, ಬಿದಿರಿನ ಮೇಲೆ ಇಬ್ಬರಿಗೂ ನಂಬಿಕೆ ಹೋಗಿತ್ತು. ಪ್ರತಿ ಚೌತಿಗೆ ನಾನು ಕಾಯಿ ಹಿಡಿದು ಹೋಗುವುದು, ಏಣಿಯ ಮೇಲೆ ಕೆಳಗೆ ಅದೇ ಜಗಳ ನಡೆಯುವುದು, ಆರೋ ಏಳೋ ತೀರ್ಮಾನವಾಗದೆ ನಾನು ಕಾಗದದ ಹಿಂಬದಿಯಲ್ಲಿ ಇನ್ನೊಂದು ವರ್ಷದ ಮುದತು ಬರೆಯುವುದು ರೂಢಿಯಾಯಿತು. ಹೀಗೆ ಮೂರು ಚೌತಿಗಳಾದವು. ನಾಲ್ಕನೆಯದು ಬರುವ ಮೊದಲು, ಆಷಾಢದ ಮಳೆಯಲ್ಲಿ, ಅವಳು ಆ ಚಿಕ್ಕ ಮನೆಯಲ್ಲೇ ತೀರಿಕೊಂಡಳು.

ಹದಿನೈದು ದಿನ ಕಳೆದ ಮೇಲೆ ತಮ್ಮ ಒಬ್ಬನೇ ನನ್ನ ಕಚೇರಿಗೆ ಬಂದ. ಅವಳು ಕೂರುತ್ತಿದ್ದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು, ಆಮೇಲೆ ಒಳಗೆ ಬಂದು ಆ ಕಾಗದ ತೆಗೆಯಲು ಹೇಳಿದ. ತೆಗೆದೆ.

‘ಏಳು ಅಂತ ಬರೀರಿ,’ ಎಂದ. ‘ಮೊದ್ಲಿಂದ್ಲೂ ಏಳೇ. ನಂಗೆ ಗೊತ್ತಿತ್ತು.’

ಅವಳು ಬದುಕಿರುವ ತನಕ ಎಂದು ಬರೆದ ಕಾಗದ ಅದು. ಅವಳೇ ಹೋದ ಮೇಲೆ ಆರು ಮರ ಬರೆದರೂ ಏಳು ಮರ ಬರೆದರೂ ಕಾನೂನಿನ ಕಣ್ಣಿಗೆ ಒಂದೇ. ಅದನ್ನು ನಾನು ಅವನಿಗೆ ಹೇಳಲಿಲ್ಲ. ಆರನ್ನು ಹೊಡೆದು ಏಳು ಎಂದು ಬರೆದೆ. ಅವನು ಪಕ್ಕದಲ್ಲಿ ಸಹಿ ಹಾಕಿ, ಶಾಯಿ ಒಣಗುವ ತನಕ ನೋಡಿ, ಎದ್ದು ನಿಂತು ಅಂಗಿಯ ಕಿಸೆಯಿಂದ ನಿಂಬೆಹಣ್ಣೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಬಸ್ಸಿಗೆ ಹೊರಡುವಾಗ ಕೈ ತಾನಾಗಿ ಕಿತ್ತುಕೊಂಡಿತು, ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಮಳೆಯಲ್ಲಿ ಬಸ್ಸಿನ ಕಡೆ ನಡೆದ.